ಅರವತ್ತು ನೇರಳೆ ಸುಕ್ಕುಗಾಳು

"ಅದನ್ನ ಮೇಜಿನ ಮ್ಯಾಲೆ ಸುರೀರಿ," ಎಂದರು ಡಾಕ್ಟರ್ ಬಸವಲಿಂಗಪ್ಪ. "ನೆಲಕ್ಕ ಬೀಳಿಸಬ್ಯಾಡ್ರಿ, ಇಲಿ ಭಾಳ ಅದಾವ. ಈ ಕಂಪನಿಯೊಳಗ ಪುಗಸಟ್ಟೆ ತಿನ್ನೋ ಹಕ್ಕು ಅವಕ್ಕ ಒಂದಕ್ಕ ಐತಿ."

ವೈಜನಾಥ ಸೀಸೆಯ ಮುಚ್ಚಳ ತಿರುವಿದ. ಗೋವಿನಜೋಳದ ಕಾಳುಗಳು ತಗಡಿನ ಮೇಜಿನ ಮೇಲೆ ಚಟಪಟನೆ ಹರಡಿಕೊಂಡವು. ಕೆಲವು ನೇರಳೆ, ಕೆಲವು ಬಿಳಿ. ಎರಡು ಬಣ್ಣದಲ್ಲೂ ಹೊಟ್ಟೆ ತುಂಬಿದವು ಇದ್ದವು, ಒಳಕ್ಕೆ ಕುಸಿದು ಸುಕ್ಕಾದವೂ ಇದ್ದವು.

ಹೋದ ವಾರ ಕುಷಾಯಿಗೂಡದ ಒಂದು ಮನೆಯಲ್ಲಿ ಉಷಾ ಎಂಬ ಹುಡುಗಿಯ ಟ್ರಂಕಿನ ತಳದಿಂದ ಈ ಸೀಸೆಯನ್ನು ಎತ್ತಿದವನು ಕಂಪನಿ ನೇಮಿಸಿದ ಪತ್ತೇದಾರ ವೈಜನಾಥನೇ. ಕಂಪನಿಯ ತಣ್ಣನೆ ಕೋಣೆಯಿಂದ ಹೊಸ ತಳಿಯ ಬೀಜದ ಚೀಲ ಮಾಯವಾಗಿ ಎದುರಾಳಿ ಕಂಪನಿಯ ಹೊಲದಲ್ಲಿ ಮೊಳೆತಿತ್ತು. ಕದ್ದವಳು ತಣ್ಣನೆ ಕೋಣೆಯ ಸಂಶೋಧನಾ ಸಹಾಯಕಿ ಉಷಾ ಎಂದು ಅವನು ರಿಪೋರ್ಟ್ ಕೊಟ್ಟಿದ್ದ. ಇವತ್ತು ಸಂಜೆಯೊಳಗೆ ಅವಳು ತಪ್ಪೊಪ್ಪಿಗೆಗೆ ಸಹಿ ಹಾಕದಿದ್ದರೆ ಮಾಲೀಕ ಹನುಮಂತರಾಯರು ಪೊಲೀಸರಿಗೆ ಒಪ್ಪಿಸುತ್ತಾರೆ. ಸಹಿ ಹಾಕಿದರೆ ದೇಶದ ಯಾವ ಬೀಜದ ಕಂಪನಿಯೂ ಅವಳನ್ನು ಬಾಗಿಲ ಹತ್ತಿರ ಸೇರಿಸುವುದಿಲ್ಲ.

ಉಷಾ ಸಹಿ ಹಾಕಿರಲಿಲ್ಲ. ಅಲ್ಲವೆಂದೂ ಅಂದಿರಲಿಲ್ಲ. ಆ ಮೌನವೇ ವೈಜನಾಥನನ್ನು ಬೆಳಿಗ್ಗೆ ಉಪ್ಪಲ್ ಊರಿನ ಕಂಪನಿ ಹೊಲದ ಈ ಶೆಡ್ಡಿಗೆ ಅಟ್ಟಿಕೊಂಡು ಬಂದಿತ್ತು. ಕದ್ದವರು ಬಾಯಿ ಮುಚ್ಚಿ ಕೂರುವುದನ್ನು ಅವನು ನೋಡಿದ್ದ. ಅವರ ಕಣ್ಣು ಮಾತ್ರ ಸುಮ್ಮನಿರುವುದಿಲ್ಲ. ಈ ಹುಡುಗಿಯ ಕಣ್ಣೂ ಸುಮ್ಮನಿತ್ತು.

"ತಣ್ಣನೆ ಕೋಣಿ ಚಾವಿ ಇದ್ದವರು ಇಬ್ಬರ," ಎಂದ ಅವನು. "ಉಷಾ ಒಬ್ಬಾಕಿ. ಇನ್ನೊಬ್ಬರು ನೀವು. ಈ ಸೀಸೆ ನೀವ ಇಡಿಸಿರಬಹುದು ಅಂತ ನನಗ ಅನುಮಾನ ಐತ್ರಿ."

ಕಂಪನಿಯ ಮುಖ್ಯ ತಳಿವಿಜ್ಞಾನಿ ಬಸವಲಿಂಗಪ್ಪ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಕೋಪ ಬಂದಂತೆ ಕಾಣಲಿಲ್ಲ. ಪರೀಕ್ಷೆಯಲ್ಲಿ ದಡ್ಡ ಹುಡುಗನ ಉತ್ತರಪತ್ರಿಕೆ ಕೈಗೆ ಬಂದಾಗಿನ ದಣಿವು ಮಾತ್ರ ಕಂಡಿತು.

"ಎಣಿಸೀರೇನು?"

"ಎರಡು ಸಲ ಎಣಿಸೀನ್ರಿ. ಒಟ್ಟು ಮುನ್ನೂರಾ ಇಪ್ಪತ್ತು. ನೇರಳೆ ತುಂಬಿದ್ದು ನೂರಾ ಎಂಬತ್ತು, ನೇರಳೆ ಸುಕ್ಕಿದ್ದು ಅರವತ್ತು, ಬಿಳಿ ತುಂಬಿದ್ದು ಅರವತ್ತು, ಬಿಳಿ ಸುಕ್ಕಿದ್ದು ಇಪ್ಪತ್ತು."

"ಅಂದರ?"

"ಒಂಬತ್ತು, ಮೂರು, ಮೂರು, ಒಂದು. ಎರಡು ಗುಣದಾಗ ಬ್ಯಾರೆ ಇರೋ ಗಿಡ ಕೂಡಿಸಿದರ ಎರಡನೇ ಪೀಳಿಗಿ ಹಿಂಗ ಬರತೈತಿ ಅಂತ ಪುಸ್ತಕದಾಗ ಐತಿ. ನಿಮ್ಮ ಕಳುವಾದ ಬೀಜನೂ ಅಂಥಾದ್ದ, ನೇರಳೆ ತುಂಬಿದ್ದಕ್ಕ ಬಿಳಿ ಸುಕ್ಕಿದ್ದು ಕೂಡಿಸಿದ ಎರಡನೇ ಪೀಳಿಗಿ. ಲೆಕ್ಕ ಕೂಡಿತು. ಅದಕ್ಕ ಇದು ಅದ ಬೀಜ ಅಂತ ಬರದೆ."

"ಯಾವ ಪುಸ್ತಕ?"

"ಕೋಠಿ ಬಜಾರದ ಫುಟ್‌ಪಾತಿನಾಗ ಸಿಕ್ತು. ಇಂಟರ್, ಅಂದರ ಪಿಯುಸಿ ಗೈಡು."

"ಇಂಟರ್ ಗೈಡು ಓದಿ ಒಂದು ಹೆಣ್ಣುಮಗಳ ಅನ್ನ ಕಸದ್ರಿ," ಎಂದರು ಬಸವಲಿಂಗಪ್ಪ. "ಶಾಬಾಸ್."

ಅವರು ಎದ್ದು ಅಂಗಿ ಮೇಲೆತ್ತಿದರು. ಉಡದಾರಕ್ಕೆ ಕಟ್ಟಿದ್ದ ಚಾವಿಯನ್ನು ಬಿಚ್ಚದೆಯೇ, ಹೊಟ್ಟೆಯನ್ನು ಕಪಾಟಿಗೆ ಒತ್ತಿ ನಿಂತು ಬೀಗ ತೆರೆದರು. ಒಂದು ಒಣ ತೆನೆ ತೆಗೆದುಕೊಂಡು ಮತ್ತೆ ಹಾಗೆಯೇ ಒತ್ತಿ ನಿಂತು ಬೀಗ ಹಾಕಿದರು. ಮೂವತ್ತು ವರ್ಷದ ಅಭ್ಯಾಸ, ನಗು ಬರುವಂತಿತ್ತು. ವೈಜನಾಥನಿಗೆ ನಗು ಬರಲಿಲ್ಲ.

"ಇದು ಅದ ಕೂಡಿಕೆಯ ತೆನಿ. ಬಿಡಿಸಿಲ್ಲ, ಮುಟ್ಟಿಲ್ಲ. ಇದರಾಗ ನೇರಳೆ ಸುಕ್ಕಿದ ಕಾಳು ಹುಡುಕ್ರಿ."

ವೈಜನಾಥ ತೆನೆ ತಿರುಗಿಸಿದ. ಸಾಲು ಸಾಲು ನೇರಳೆ, ನಡುನಡುವೆ ಬಿಳಿ. ನೇರಳೆ ಕಂಡಲ್ಲೆಲ್ಲ ದುಂಡಗೆ ತುಂಬಿತ್ತು. ಬಿಳಿ ಕಂಡಲ್ಲೆಲ್ಲ ಸುಕ್ಕಿತ್ತು. ಪೂರ್ತಿ ಒಂದು ಸುತ್ತು ತಿರುಗಿಸಿದ ಮೇಲೆ ಹೆಬ್ಬೆರಳಿಗೆ ಒಂದು ನೇರಳೆ ಸುಕ್ಕುಗಾಳು ಸಿಕ್ಕಿತು. ತುದಿಯ ಹತ್ತಿರ ಇನ್ನೊಂದು. ಇನ್ನೂ ಹುಡುಕಿ ಇನ್ನೊಂದು.

"ಮೂರು," ಎಂದ.

"ನಿಮ್ಮ ಸೀಸ್ಯಾಗ ಅರವತ್ತು. ತೆನಿ ಸುಳ್ಳು ಹೇಳತೈತೋ, ಸೀಸೆ ಹೇಳತೈತೋ?"

ಶೆಡ್ಡಿನ ಹೊರಗೆ ಹೆಂಗಸರು ತೆನೆಗಳಿಗೆ ಕಾಗದದ ಚೀಲ ತೊಡಿಸುತ್ತ ತೆಲುಗಿನಲ್ಲಿ ಯಾರದೋ ಸೊಸೆಯನ್ನು ಬೈಯುತ್ತಿದ್ದರು. ಬಸವಲಿಂಗಪ್ಪ ಕಿಟಕಿಯ ಕಡೆ ಕೈ ಮಾಡಿದರು.

"ಮದುವಿಯೊಳಗ ಹೆಣ್ಣಿನ ಸೆರಗಿಗೂ ಗಂಡಿನ ಶಲ್ಯಾಕ್ಕೂ ಗಂಟು ಹಾಕತಾರಲ್ಲ, ನೋಡೀರಿ? ಆಮ್ಯಾಲೆ ಅವ ಎಲ್ಲಿಗೆ ಹೋದರೂ ಆಕಿ ಹಿಂದ ಹೋಗಬೇಕು. ಹಂಗ ಇದು. ಬಣ್ಣದ ಗುಣ, ಕಾಳು ತುಂಬೋ ಗುಣ, ಎರಡೂ ಒಂದ ವರ್ಣತಂತುವಿನ ಮ್ಯಾಲೆ ಒತ್ತೊತ್ತಿ ಕುಂತಾವ. ಅಜ್ಜನ ಕಡಿಯಿಂದ ನೇರಳೆ ಬಂದರ ತುಂಬಿದ್ದೂ ಬರತೈತಿ. ಅಜ್ಜಿ ಕಡಿಯಿಂದ ಬಿಳಿ ಬಂದರ ಸುಕ್ಕೂ ಬರತೈತಿ. ಇದಕ್ಕ ನಾವು ಲಿಂಕೇಜ್ ಅಂತೀವಿ."

"ಗಂಟು ಬಿಚ್ಚೋದ ಇಲ್ಲೇನ್ರಿ?"

"ಬಿಚ್ಚತೈತಿ. ನೂರಕ್ಕ ಒಂದೆರಡು ಸಲ. ಆ ಮೂರು ಕಾಳು ಅವ, ಗಂಟು ಬಿಚ್ಚಿ ಓಡಿ ಬಂದವು."

"ಹಂಗಾರ ಪುಸ್ತಕದ ಒಂಬತ್ತು ಮೂರು ಮೂರು ಒಂದು?"

"ಅದು ಬ್ಯಾರೆ ಬ್ಯಾರೆ ವರ್ಣತಂತು ಮ್ಯಾಲೆ ಕುಂತ ಗುಣಗಳಿಗೆ. ಬಜಾರದಾಗ ಹೊಂಟ ಮಂದಿ ಇದ್ದಂಗ, ಯಾರ ಸಂಗತಿ ಯಾರಾದರೂ ಹೋಗಬಹುದು. ಗಂಟು ಹಾಕ್ಕೊಂಡ ಮದುಮಕ್ಕಳು ಹಂಗ ಹೋಗಾಕ ಬರೋದಿಲ್ಲ. ನಮ್ಮ ಬೀಜ ನಿಜವಾಗಿ ಮುನ್ನೂರಾ ಇಪ್ಪತ್ತು ಇದ್ದಿದ್ದರ ಬಿಳಿ ಸುಕ್ಕು ಎಪ್ಪತ್ತೈದರ ಆಜೂಬಾಜು ಇರಬೇಕಿತ್ತು, ನಿಮ್ಮ ಇಪ್ಪತ್ತಲ್ಲ. ಅಡ್ಡ ಜೋಡಿ, ಅಂದರ ನೇರಳೆ ಸುಕ್ಕು, ಬಿಳಿ ತುಂಬಿದ್ದು, ಮೂರು ಮೂರು ಸಿಕ್ಕರ ಭಾಳ ಆತು." ಅವರು ಸೀಸೆಯ ಕಾಳುಗಳ ಮೇಲೆ ಅಂಗೈ ಆಡಿಸಿದರು. "ಮತ್ತ ಲೆಕ್ಕ ನೋಡ್ರಿ, ಒಂದು ಕಾಳು ಹೆಚ್ಚಿಲ್ಲ, ಒಂದು ಕಮ್ಮಿಲ್ಲ. ಯಾವ ಗಿಡಾನೂ ಇಷ್ಟು ಕರಾರುವಾಕ್ಕು ಹಡಿಯೋದಿಲ್ಲ. ಇದು ತೆನಿಯಿಂದ ಬಂದದ್ದಲ್ಲ ವೈಜನಾಥ. ಕೂತು ಎಣಿಸಿ ತುಂಬಿದ್ದು."

ಸಿಕಂದರಾಬಾದಿನ ಆಫೀಸಿನಲ್ಲಿ ವಿಚಾರಣೆಯ ದಿನ ಈ ಅಂಕಿಗಳನ್ನು ಅವನೇ ಎದ್ದು ನಿಂತು ಓದಿದ್ದ. ಲೆಕ್ಕ ಕೂಡಿತೆಂಬ ಹೆಮ್ಮೆಯಲ್ಲಿ ದನಿ ತುಸು ಏರಿತ್ತು ಕೂಡ.

"ಗೊತ್ತಿದ್ದೂ ವಾರದ ತನಕ ಸುಮ್ಮಕ ಇದ್ರಿ?"

"ಯಾರು ಕೇಳಿದ್ರು? ಮಾಲೀಕರು ನಿಮ್ಮ ರಿಪೋರ್ಟ್ ಓದಿದ್ರು, ಕಾಳು ನೋಡಲಿಲ್ಲ. ನೀವು ಕಾಳು ಎಣಿಸಿದ್ರಿ, ತೆನಿ ನೋಡಲಿಲ್ಲ. ನನಗ ಯಾರೂ ಚಹಾ ಕುಡೀತೀರೇನು ಅಂತನೂ ಕೇಳಲಿಲ್ಲ." ಅವರು ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದರು. "ನಾನ ಮಾಡಿದ್ದರ ಸರಿಯಾಗಿ ಮಾಡತಿದ್ದೆ. ಕಳ್ಳತನಾ ಮಾಡಿದರೂ ನನ್ನ ಕೈ ಇಂಥ ತಪ್ಪು ಮಾಡೋದಿಲ್ಲ. ಉಷಾನ ಕೈನೂ ಮಾಡೋದಿಲ್ಲ, ಆಕಿ ನನ್ನ ಕೈ ಕೆಳಗ ಕಲತಾಕಿ. ಹನುಮಂತರಾಯರಾಗಿದ್ದರ ಮುಷ್ಟಿ ತುಂಬಿ ಸುರದು ಮುಚ್ಚಳ ಹಾಕತಿದ್ರು."

"ಹಂಗಾರ?"

"ಇದನ್ನ ತುಂಬಿದಾವ ಮೊದಲ ಪಾಠ ಕಲತಾನ, ಎರಡನೇ ಪಾಠಕ್ಕ ಹೋಗಿಲ್ಲ. ವರ್ಷಾನುಗಟ್ಟಲೆ ಒಂದ ಪಾಠ ಒದರಿ ಒದರಿ ಅದ ಖರೇ ಅಂತ ತಿಳಕೊಂಡ ಯಾವನರ ಮಾಸ್ತರ ಗೀಸ್ತರ ಅದಾನೇನು ನೋಡ್ರಿ." ತೆನೆಯನ್ನು ವೈಜನಾಥನ ಕೈಗೆ ತುರುಕಿದರು. "ಇದನ್ನ ಒಯ್ಯಿರಿ. ಸಿಕ್ಕಾವಗ ತೋರಸ್ರಿ."

ವೈಜನಾಥ ಕಾಳುಗಳನ್ನು ಮತ್ತೆ ಸೀಸೆಗೆ ತುಂಬಿದ. ಅವಸರದಲ್ಲಿ ಎರಡು ಕೆಳಗೆ ಬಿದ್ದವು.

ಅಂಥ ಒಬ್ಬ ಮಾಸ್ತರ ಅವನಿಗೆ ಗೊತ್ತಿದ್ದ. ಉಷಾಳ ಟ್ರಂಕು ತೆಗೆಯಲು ಹೋದ ದಿನ ಅವನ ಶಿಷ್ಯರ ಚಪ್ಪಲಿ ದಾಟಿಕೊಂಡೇ ಒಳಗೆ ಹೋಗಿದ್ದ.

*

ಕುಷಾಯಿಗೂಡದಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪಾಳಿ ಬಿಟ್ಟಿತ್ತು. ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿಕೊಂಡವರ ಸೈಕಲ್ಲುಗಳ ಪ್ರವಾಹದಲ್ಲಿ ಆಟೋ ಹೆಜ್ಜೆಹೆಜ್ಜೆಗೆ ನಿಂತಿತು. ಆಟೋದವನು ದಖ್ಖನಿ ಉರ್ದುವಿನಲ್ಲಿ ಇಡೀ ರಾಜಧಾನಿಯನ್ನೇ ಬೈದ. ವೈಜನಾಥ ತೊಡೆಯ ಮೇಲೆ ಸೀಸೆ ಇಟ್ಟುಕೊಂಡು ಕೂತಿದ್ದ. ಕಳ್ಳಿಯನ್ನು ಹಿಡಿದೆನೆಂದುಕೊಂಡಾಗ ಇದು ಇಷ್ಟು ಭಾರವಿರಲಿಲ್ಲ.

ಪಡಸಾಲೆಯಲ್ಲಿ ಟ್ಯೂಷನ್ ನಡೆದಿತ್ತು. ಉಷಾಳ ಅಣ್ಣ ದತ್ತಾತ್ರೇಯ ಗೋಡೆಗೆ ಒರಗಿಸಿದ ಹಲಗೆಯ ಮುಂದೆ ನಿಂತಿದ್ದ. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ತೋಳಿನ ತನಕ ಸೀಮೆಸುಣ್ಣದ ಪುಡಿ. ಹತ್ತು ಹನ್ನೆರಡು ಹುಡುಗ ಹುಡುಗಿಯರು ಅವನು ಅಂದದ್ದನ್ನೇ ತಿರುಗಿ ಅನ್ನುತ್ತಿದ್ದರು.

ಬಾಗಿಲಲ್ಲಿ ಅವರ ತಾಯಿ ಸುಂದರಾಬಾಯಿ ಅಡ್ಡ ನಿಂತರು. ತೆಳ್ಳನೆಯ ಮುದುಕಿ, ನೋಟ ಮಾತ್ರ ಮೊನಚು.

"ಇನ್ನ ಯಾವ ಟ್ರಂಕು ತಗೀಬೇಕಾಗೇದ್ರಿ? ನಂದೊಂದು ಉಳದದ. ಅದರಾಗ ನಮ್ಮನಿಯವರ ಮಡಿ ಧೋತರ ಅದ, ಎಣಿಸಿ ಬರಕೊಳ್ರಿ."

"ದತ್ತಾತ್ರೇಯ ಮಾಸ್ತರನ್ನ ನೋಡಾಕ ಬಂದೀನ್ರಿ, ಬಾಯಿಯವರ."

"ಹೋದ ಸಲ ಚಹಾ ಕುಡದು, ಅವಲಕ್ಕಿ ತಿಂದು, ಮಗಳ ಮರ್ಯಾದಿ ತಗೊಂಡು ಹೋದ್ರಿ. ಆ ಕಪ್ಪುಬಸಿ ಇನ್ನೂ ತಿಕ್ಕಲಿಕ್ಕತ್ತೀನಿ, ಸ್ವಚ್ಛ ಆಗವಲ್ತು." ಆದರೂ ಸರಿದು ದಾರಿ ಬಿಟ್ಟರು. "ನನ್ನ ದತ್ತೂ ಒಬ್ಬ ಅದಾನಂತ ಈ ಮನಿ ನಿಂತದ. ಅವನ್ನರ ಸುಮ್ಮನ ಬಿಡ್ರಿ."

ಮನೆ ನಿಂತಿದ್ದು ಉಷಾಳ ಸಂಬಳದ ಮೇಲೆಂದು ವೈಜನಾಥನಿಗೆ ತನಿಖೆಯಲ್ಲೇ ತಿಳಿದಿತ್ತು. ಅದನ್ನು ಆ ಬಾಯಿ ಸತ್ತರೂ ಒಪ್ಪುವವರಲ್ಲ.

ಉಷಾ ನಡುಮನೆಯ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಅವನನ್ನು ನೋಡಿದಳು, ಕೈಯಲ್ಲಿದ್ದ ಸೀಸೆಯನ್ನು ನೋಡಿದಳು, ಆಮೇಲೆ ಅಣ್ಣನ ಬೆನ್ನನ್ನು ನೋಡಿದಳು. ಮೊದಲ ಸಲ ಅವಳ ಕಣ್ಣಲ್ಲಿ ಹೆದರಿಕೆ ಕಂಡಿತು.

ವೈಜನಾಥ ಚಾಪೆಯ ಮೇಲೆ ಕೂತು ಕಾಳುಗಳನ್ನು ಸುರಿದ.

"ಮಾಸ್ತರ, ನನಗೂ ಒಂದು ಪಾಠ ಹೇಳ್ರಿ. ನೇರಳೆ ತುಂಬಿದ್ದಕ್ಕ ಬಿಳಿ ಸುಕ್ಕಿದ್ದು ಕೂಡಿಸಿದರ ಎರಡನೇ ಪೀಳಿಗಿ ಹೆಂಗ ಬರತೈತಿ? ಹದಿನಾರು ಕಾಳು ಇಟ್ಟು ತೋರಸ್ರಿ."

ದತ್ತಾತ್ರೇಯ ಸೀಸೆಯನ್ನು ಕಂಡು ಬಿಳಿಚಿಕೊಂಡ. ಆದರೆ ಶಿಷ್ಯರೆಲ್ಲ ಅವನ ಬಾಯಿ ನೋಡುತ್ತಿದ್ದರು. ಕೇಳಿದ್ದು ಅವನ ಪಾಠ. ಅವನು ಕೆಳಗೆ ಕೂತ. ಬೆರಳು ತಾವಾಗಿಯೇ ಓಡಿದವು. ಒಂಬತ್ತು ನೇರಳೆ ತುಂಬಿದವು. ಅದರ ಕೆಳಗೆ ಮೂರು ನೇರಳೆ ಸುಕ್ಕು. ಮೂರು ಬಿಳಿ ತುಂಬಿದವು. ಒಂದು ಬಿಳಿ ಸುಕ್ಕು. ಸಾಲು ನೆಟ್ಟಗೆ, ನಡುವಿನ ಅಂತರ ಸಮ. ಬಹಳ ಸಲ ಮಾಡಿದ ಕೈ.

ವೈಜನಾಥ ಜೋಳಿಗೆಯಿಂದ ತೆನೆ ತೆಗೆದು ಅವನ ಮುಂದೆ ಹಿಡಿದ.

"ಇದು ಆ ಕೂಡಿಕೆಯ ತೆನಿ. ಅದ ಲೆಕ್ಕ ಇದರಾಗ ತೋರಸ್ರಿ."

ದತ್ತಾತ್ರೇಯ ತೆನೆ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ಉಗುರಿನಿಂದ ಕಾಳಿನ ಸಾಲು ಗೀರುತ್ತ ತುದಿಯಿಂದ ಬುಡಕ್ಕೆ, ಬುಡದಿಂದ ತುದಿಗೆ ಹೋದ. ಒಬ್ಬ ಹುಡುಗಿ ಮುಂದೆ ಬಾಗಿ ತಾನೂ ಹುಡುಕತೊಡಗಿದಳು. ಯಾರೋ ಕಿಸಕ್ಕನೆ ನಕ್ಕರು.

"ಹುಡುಕಬ್ಯಾಡ, ಅಣ್ಣಾ," ಎಂದಳು ಉಷಾ. ವಾರದಲ್ಲಿ ಅವಳು ಆಡಿದ ಮೊದಲ ಮಾತು. "ಅದರಾಗ ಇಲ್ಲ."

ದತ್ತಾತ್ರೇಯ ತಲೆ ಎತ್ತದೆಯೇ ಶಿಷ್ಯರಿಗೆ ತೆಲುಗಿನಲ್ಲಿ ಇವತ್ತಿಗೆ ಸಾಕೆಂದ. ಚಪ್ಪಲಿಗಳ ಸದ್ದು ಗೇಟಿನಾಚೆ ಹೋಯಿತು.

"ಆವತ್ತೂ ಇದನ್ನ ಹೇಳಿದ್ದೆ," ಎಂದಳು ಉಷಾ. "ಎಲ್ಲಾ ಗುಣಾನೂ ಹಂಗ ಬರೂದಿಲ್ಲ, ಒಂದ ವರ್ಣತಂತು ಮ್ಯಾಲಿದ್ದರ ಕೂಡೇ ಬರತಾವ ಅಂತ."

"ಹುಡುಗರ ಮುಂದ ಹೇಳಿದ್ದಿ."

"ಅವರ ಪರೀಕ್ಷಾಕ್ಕ ತಪ್ಪು ಬರೀಬಾರದಂತ ಹೇಳಿದ್ದೆ."

"ಹುಡುಗರ ಮುಂದ ಹೇಳಿದ್ದಿ," ಎಂದ ಅವನು ಮತ್ತೆ. ದನಿ ಏರಲಿಲ್ಲ, ಅದೇ ಹೆಚ್ಚು ಕೆಟ್ಟದಾಗಿ ಕೇಳಿಸಿತು. "ನಿನಗ ಈ ಪಾಠ ಹೇಳಿದವ ಯಾರು? ಇದ ಚಾಪಿ ಮ್ಯಾಲೆ ಕೂಡಿಸಿ ಹೇಳಿದ್ದೆ. ನಾ ಎಂ.ಎಸ್ಸಿ. ಬಿಟ್ಟು ಈ ಹಲಗಿ ಮುಂದ ನಿಂತೆ, ನೀ ಓದಿದಿ. ನನ್ನ ಪುಸ್ತಕ ನೀ ಒಯ್ದಿ. ಆಮ್ಯಾಲೆ ಬಂದು ಹುಡುಗರ ಮುಂದ, ಅಣ್ಣಾ ಅದು ಹಂಗಲ್ಲ ಅಂದಿ. ಅವರು ನಕ್ಕರು. ನೀನೂ ನಕ್ಕಿ."

"ನಾ ನಗಲಿಲ್ಲ, ಅಣ್ಣಾ."

"ನಕ್ಕಿ."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಸುಂದರಾಬಾಯಿ ಅಡಿಗೆಮನೆಯ ಹೊಸ್ತಿಲಲ್ಲಿ ಕೈ ಒರಸುತ್ತ ನಿಂತಿದ್ದರು.

ವೈಜನಾಥ ಉಷಾಳ ಕಡೆ ತಿರುಗಿದ. "ನಿಮಗ ಸೀಸೆ ನೋಡಿದ ಕೂಡಲೆ ಗೊತ್ತಾತು, ಹೌದಲ್ರಿ?"

"ನೋಡಿದಾಗ ಅಲ್ಲ. ನೀವು ಲೆಕ್ಕ ಓದಿ ಹೇಳಿದಾಗ. ನೂರಾ ಎಂಬತ್ತು, ಅರವತ್ತು, ಅರವತ್ತು, ಇಪ್ಪತ್ತು. ನೀವು ಓದಲಿಕ್ಕತ್ತಿದ್ರಿ, ನನಗ ನಮ್ಮಣ್ಣನ ಧ್ವನಿ ಕೇಳಿಸಲಿಕ್ಕತ್ತಿತ್ತು."

"ಅಲ್ಲೇ ಒಂದು ಮಾತು ಅಂದಿದ್ದರ..."

"ಅವನನ್ನ ಒಯ್ತಿದ್ರಿ. ನಿಮಗ ಲೆಕ್ಕ ಕೂಡಿದರ ಆತು. ಮನುಷ್ಯಾ ಯಾವನಾದರೂ ನಡೀತದ."

ವೈಜನಾಥ ಚಾಪೆಯ ಮೇಲೆ ಹರಡಿದ್ದ ಕಾಳುಗಳನ್ನು ರಾಶಿ ಮಾಡಿದ.

ದತ್ತಾತ್ರೇಯ ತೆನೆಯನ್ನು ಚಾಪೆಯ ಮೇಲೆ ಇಟ್ಟ. "ನಾ ಕದ್ದಿಲ್ಲ. ನಿಮ್ಮ ಚೀಲ ಎಲ್ಲಿ ಹೋತೋ ನನಗ ಗೊತ್ತಿಲ್ಲ. ಕಾಳು ನನಗ ತಂದು ಕೊಟ್ಟದ್ದು. ನಾಲ್ಕು ಪೊಟ್ಟಣ, ಬ್ಯಾರೆ ಬ್ಯಾರೆ. ಎಷ್ಟೆಷ್ಟು ಕೂಡಿಸಬೇಕು ನೀವ ಹೇಳ್ರಿ ಮಾಸ್ತರ, ನಿಮಗಿಂತ ಚಲೋ ಯಾರಿಗೆ ಗೊತ್ತು ಅಂದ್ರು. ಅಷ್ಟು ಮರ್ಯಾದಿಯಿಂದ ನನ್ನ ಹತ್ತರ ಯಾರೂ ಮಾತಾಡಿರಲಿಲ್ಲ."

"ತಂಗಿ ಟ್ರಂಕಿನಾಗ ಇಡ್ರಿ ಅಂತನೂ ಮರ್ಯಾದಿಯಿಂದ ಹೇಳಿದ್ರೇನು?"

"ನೌಕರಿ ಅಷ್ಟ ಹೋಗತದ, ಪೊಲೀಸ್ ಗಿಲೀಸ್ ಇಲ್ಲ ಅಂದ್ರು. ಮನ್ಯಾಗ ಇರತಾಳ, ಒಂದು ಲಗ್ನ ಮಾಡಿ ಕಳಸ್ರಿ ಅಂದ್ರು."

"ಯಾರು ಅಂದ್ರು?"

ದತ್ತಾತ್ರೇಯ ಬಾಯಿ ಮುಚ್ಚಿದ. ಹೇಳಿದರೆ ಯಾರು ನಂಬುತ್ತಾರೆಂಬ ಲೆಕ್ಕ ಅವನ ಮುಖದ ಮೇಲೇ ನಡೆದಿತ್ತು.

ಉಷಾ ಚಾಪೆಯ ಹತ್ತಿರ ಬಂದು ಕೂತಳು. ರಾಶಿಯಿಂದ ನೇರಳೆ ಸುಕ್ಕುಗಾಳುಗಳನ್ನು ಒಂದೊಂದಾಗಿ ಬೇರೆ ಮಾಡತೊಡಗಿದಳು. ಅವಳ ಬೆರಳಿಗೆ ಅವು ಪರಿಚಯದವುಗಳಂತೆ ಸಿಕ್ಕವು.

"ಬಿಳಿ ತುಂಬಿದ್ದು ಬೇಕಂದರ ಯಾವ ಕಿರಾಣಿ ಅಂಗಡಿಯಾಗೂ ಸಿಗತಾವ," ಎಂದಳು. "ಇವು ಸಿಗೂದಿಲ್ಲ. ಒಂದು ತೆನಿಗೆ ಮೂರು, ಭಾಳ ಅಂದರ ನಾಲ್ಕು. ಅರವತ್ತು ಬೇಕಂದರ ಇಪ್ಪತ್ತು ತೆನಿ ಬಿಡಿಸಬೇಕು. ಅಷ್ಟು ಇವು ಒಂದ ಕಡೆ ಇದ್ದದ್ದು ಒಂದ ಡಬ್ಬಿಯೊಳಗ."

"ಯಾವ ಡಬ್ಬಿ?"

"ನಂದ. ಗಂಟು ಬಿಚ್ಚಿದವನ್ನ ಎರಡು ಹಂಗಾಮು ಕೂತು ಆರಿಸಿ ಬಿಸ್ಕೀಟಿನ ಡಬ್ಬಿಯಾಗ ಹಾಕಿ ಇಟ್ಟಿದ್ದೆ. ನೇರಳೆ ಬಣ್ಣದ ಸುಕ್ಕುತಳಿ ಒಂದು ಮಾಡಬೇಕಂತ ಆಸೆ ಇತ್ತು."

"ಆ ಡಬ್ಬಿ ತಣ್ಣನೆ ಕೋಣ್ಯಾಗ ಐತೇನು?"

"ಅಲ್ಲ. ಡಾಕ್ಟರ್ ಸರ್ ಕಪಾಟಿನಾಗ. ಅದರ ಚಾವಿ ಒಂದ, ನನ್ನ ಹತ್ತರನೂ ಇಲ್ಲ. ಅವರು ಅದನ್ನ..."

"ಉಡದಾರಕ್ಕ ಕಟ್ಟಿರತಾರ," ಎಂದು ವೈಜನಾಥ ಮುಗಿಸಿದ.

ಕಪಾಟಿಗೆ ಹೊಟ್ಟೆ ಒತ್ತಿ ನಿಂತ ಬಸವಲಿಂಗಪ್ಪ ಕಣ್ಣಿಗೆ ಕಟ್ಟಿದರು. ಬೆಳಿಗ್ಗೆಯ ಪಾಠ ಒಂದೊಂದು ಮಾತೂ ತಿರುಗಿ ಬಂತು. ನನ್ನ ಕೈ ಇಂಥ ತಪ್ಪು ಮಾಡುವುದಿಲ್ಲ. ಹೌದು, ಮಾಡುವುದಿಲ್ಲ. ಅದಕ್ಕೇ ತಪ್ಪು ಮಾಡುವ ಕೈಯನ್ನು ಹುಡುಕಿ, ನಾಲ್ಕು ಪೊಟ್ಟಣ ಕೊಟ್ಟು, ಲೆಕ್ಕ ನೀವೇ ಹಾಕಿರಿ ಎಂದಿದ್ದರು. ಬೀಜದ ಚೀಲ ಸಾಗಿಸಿದವರೂ ಅವರೇ, ಆ ತಪ್ಪೇ ಅವರ ರಕ್ಷೆ.

ಉಷಾ ಸುಮ್ಮನೆ ಸಹಿ ಹಾಕಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಹಾಕಲಿಲ್ಲ. ಪೊಲೀಸರು ಬಂದರೆ ಸೀಸೆ ಯಾವುದಾದರೂ ಸರಕಾರಿ ಪಂಡಿತರ ಮೇಜಿಗೆ ಹೋಗುತ್ತದೆ, ನಕಲಿಯೆಂದು ಗಳಿಗೆಯಲ್ಲಿ ಬಯಲಾಗುತ್ತದೆ. ಅದಕ್ಕೆ ಮೊದಲೇ ಒಬ್ಬ ಮಾಸ್ತರ ಸಿಕ್ಕಿಬೀಳಬೇಕಿತ್ತು. ಹಾಗೆಂದೇ ಇವತ್ತು ಪತ್ತೇದಾರನಿಗೆ ತೆನೆ ಕೊಟ್ಟು ದಾರಿ ತೋರಿಸಿ ಕಳಿಸಿದ್ದರು. ತಂಗಿ ಸಹಿ ಹಾಕಿದರೂ ಸರಿ, ಅಣ್ಣ ಸಿಕ್ಕರೂ ಸರಿ. ಅರವತ್ತು ಕಾಳು ಎಲ್ಲಿಂದ ಬಂದವೆಂದು ಇಂಟರ್ ಗೈಡು ಓದಿದವನು ಕೇಳಲಾರನೆಂದು ಮಾತ್ರ ಅವರು ಲೆಕ್ಕ ಹಾಕಿದ್ದರು.

"ಮಾಸ್ತರ," ಎಂದ ವೈಜನಾಥ, "ಹನುಮಂತರಾಯರ ಮುಂದ ಆ ಹೆಸರು ಹೇಳ್ರಿ. ಡಬ್ಬಿ ತಗಸೋಣ. ಅದು ಖಾಲಿ ಇದ್ದರ ಸಾಕು, ನಿಮ್ಮ ತಂಗಿ ಉಳೀತಾಳ. ನೀವು ಟ್ರಂಕಿನಾಗ ಇಟ್ಟದ್ದಕ್ಕ ನೀವು ಅನುಭವಿಸಬೇಕಾಕ್ಕೈತಿ, ಅದನ್ನ ತಪ್ಪಿಸಾಕ ನನ್ನ ಕೈಲಾಗೋದಿಲ್ಲ."

ಗೇಟಿನ ಹೊರಗೆ ಜೀಪು ನಿಂತಿತು.

ಮುಂದಿನ ಸೀಟಿನಿಂದ ಹನುಮಂತರಾಯರು ಇಳಿದರು. ಅಗಲ ಮೈ, ಹಣೆಯಲ್ಲಿ ಗಂಧ, ಕೈಯಲ್ಲಿ ಮಡಿಸಿದ ಕಾಗದ. ಹಿಂದಿನಿಂದ ಬಸವಲಿಂಗಪ್ಪ ಇಳಿದರು. ಒಳಗೆ ಬರಲಿಲ್ಲ, ಜೀಪಿಗೆ ಒರಗಿ, ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರಸತೊಡಗಿದರು. ಅವರನ್ನು ಕಂಡು ದತ್ತಾತ್ರೇಯ ತನಗರಿವಿಲ್ಲದೆ ಎದ್ದು ನಿಂತ, ತರಗತಿಗೆ ಮೇಷ್ಟ್ರು ಬಂದಾಗ ಹುಡುಗರು ನಿಲ್ಲುವಂತೆ.

ಅಷ್ಟೇ ಸಾಕಾಯಿತು. ಹೆಸರು ಹೇಳುವ ಅಗತ್ಯ ಇನ್ನಿರಲಿಲ್ಲ.

"ತಂಗೀ," ಎಂದರು ಹನುಮಂತರಾಯರು ಪಡಸಾಲೆಯ ಮೆಟ್ಟಿಲಲ್ಲಿ ನಿಂತು, "ನಿನ್ನ ಹೆಸರು ನಮ್ಮ ಮನ್ಯಾಗೂ ಮಗಳ ಹೆಸರಿನಂಗ ತಗೋತಿದ್ವಿ. ಪೊಲೀಸರನ್ನ ಕರಕೊಂಡು ಬರಲಿಲ್ಲ ನೋಡು. ಒಂದು ಸಹಿ ಹಾಕು, ಮುಗಸೋಣ."

"ಸಾಹೇಬರ, ನನ್ನ ರಿಪೋರ್ಟ್ ಸುಳ್ಳು," ಎಂದ ವೈಜನಾಥ. "ಈ ಸೀಸೆ ಉಷಾ ತುಂಬಿದ್ದಲ್ಲ. ನಕಲಿ ಐತಿ. ಯಾರು ತುಂಬಿದ್ರು, ಕಾಳು ಯಾರು ಕೊಟ್ರು, ಎರಡೂ ಹೇಳತೀನಿ."

"ಹೌದೇನು?" ಹನುಮಂತರಾಯರು ಹುಬ್ಬೇರಿಸಿದರು. "ಯಾರು ತುಂಬಿದ್ರು?"

ಜೀಪಿನ ಹತ್ತಿರ ಕನ್ನಡಕ ಒರಸುವ ಕೈ ನಿಂತಿತು. ಬಸವಲಿಂಗಪ್ಪ ಕನ್ನಡಕ ಹಾಕಿಕೊಂಡು ನೇರವಾಗಿ ದತ್ತಾತ್ರೇಯನನ್ನು ನೋಡಿದರು. ದತ್ತಾತ್ರೇಯ ತಂಗಿಯನ್ನು ನೋಡಿದ. ಬಾಯಿ ತೆರೆದ.

"ಯಾರೂ ತುಂಬಿಲ್ಲ."

ಮಾತು ಅಡಿಗೆಮನೆಯ ಹೊಸ್ತಿಲಿನಿಂದ ಬಂದಿತ್ತು. ಸುಂದರಾಬಾಯಿ ಸೆರಗು ಹೊದ್ದು, ನಡುಮನೆ ದಾಟಿ ಬಂದು, ಮಗನ ಮುಂದೆ ಅವನನ್ನು ಮರೆಮಾಡುವಂತೆ ನಿಂತರು.

"ಇವರು ಏನೇನೋ ಹೇಳಲಿಕ್ಕತ್ತಾರ. ಆ ಸೀಸೆ ತಂದು ಟ್ರಂಕಿನಾಗ ಇಟ್ಟಾಕಿ ನನ್ನ ಮಗಳ. ನಾ ಈ ಕಣ್ಣಿಲೆ ನೋಡೀನಿ. ಯಾವ ದೇವರ ಮುಂದ ಬೇಕಾದರೂ ಹೇಳತೀನಿ."

ಉಷಾ ತಾಯಿಯ ಮುಖವನ್ನು ನೋಡಿದಳು. ಸುಂದರಾಬಾಯಿ ಕಣ್ಣು ತಪ್ಪಿಸಲಿಲ್ಲ.

ಉಷಾ ಮುಷ್ಟಿಯಲ್ಲಿ ಹಿಡಿದಿದ್ದ ನೇರಳೆ ಸುಕ್ಕುಗಾಳುಗಳನ್ನು ಚಾಪೆಯ ಮೇಲೆ ಮೆಲ್ಲಗೆ ಇಳಿಸಿದಳು. ಎದ್ದು, ವೈಜನಾಥನನ್ನು ದಾಟಿ ಮೆಟ್ಟಿಲ ತನಕ ಹೋಗಿ, ಹನುಮಂತರಾಯರ ಮುಂದೆ ಪೆನ್ನಿಗಾಗಿ ಕೈ ಚಾಚಿದಳು.